ಒಂದೇ ಅಂಟು, ಎರಡು ಕೆಲಸ: ಹಲಗೆ ಚಿತ್ರ ಮತ್ತು ಮರದ ಗಿಳಿಯನ್ನು ಜೊತೆಯಾಗಿ ಮಾಡುವ ಸಮಗ್ರ ಮಾರ್ಗದರ್ಶಿ

ಚಿತ್ರದ ಬಣ್ಣ ಪೊರೆ ಎದ್ದು ಉದುರಿದರೆ ಎಲ್ಲರೂ ಬಣ್ಣದ ಮೇಲೆ ತಪ್ಪು ಹಾಕುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಇರುವುದು ಬಣ್ಣದ ಕೆಳಗಿನ ಬಿಳಿ ಪದರದಲ್ಲಿ, ಇಲ್ಲವೇ ಅದಕ್ಕೂ ಕೆಳಗಿನ ಅಂಟಿನಲ್ಲಿ, ಇಲ್ಲವೇ ಸರಿಯಾಗಿ ಒಣಗದ ಕಟ್ಟಿಗೆಯಲ್ಲಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕುಂಚ ಹಿಡಿಯುವ ಮಾತು ಅರ್ಧ ದಾರಿ ದಾಟಿದ ಮೇಲೆ ಬರುತ್ತದೆ. ಅದಕ್ಕೆ ಮುಂಚಿನದ್ದೆಲ್ಲ ತಳ ಕಟ್ಟುವ ಕೆಲಸ.

ಮಾಡುವುದು ಎರಡು ವಸ್ತು. ಒಂದು, 12×16 ಇಂಚಿನ ಹಲಗೆಗೆ ಬಟ್ಟೆ ಅಂಟಿಸಿ ಬರೆದ ಚಿತ್ರ. ಇನ್ನೊಂದು, ಪೀಠ ಸೇರಿ 8 ಇಂಚು ಎತ್ತರದ ಮರದ ಗಿಳಿ. ಎರಡನ್ನೂ ಒಟ್ಟಿಗೆ ಹಿಡಿಯಲು ಕಾರಣವಿದೆ. ಈ ಬಗೆಯ ಕೆಲಸದಲ್ಲಿ ಕೈ ಕೆಲಸಕ್ಕಿಂತ ಒಣಗಲು ಕಾಯುವ ಹೊತ್ತೇ ಹೆಚ್ಚು. ಗಿಳಿಯ ಮೈ ಒಣಗುವಾಗ ಹಲಗೆಗೆ ಬಿಳಿ ಬಳಿಯಬಹುದು, ಹಲಗೆ ಒಣಗುವಾಗ ಗಿಳಿಯನ್ನು ತಿಕ್ಕಬಹುದು. ಅಂಟು, ಬಿಳಿ, ಬಣ್ಣ ಎರಡಕ್ಕೂ ಒಂದೇ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳು ದೇವರ ಮೂರ್ತಿ, ವಾಹನ, ಪಲ್ಲಕ್ಕಿ, ತೊಟ್ಟಿಲು, ಗೊಂಬೆ ಎಲ್ಲವನ್ನೂ ಮಾಡಿಕೊಂಡು ಬಂದದ್ದು ಹೀಗೆಯೇ: ಹುಣಸೆ ಬೀಜದ ಅಂಟು, ಮರದ ಹೊಟ್ಟು ಮತ್ತು ಸೆಣಬಿನ ಕಿಟ್ಟ (ಮೈಗೆ ಮೆತ್ತುವ ಮುದ್ದೆ), ಕಲ್ಲುಪುಡಿಯ ಬಿಳಿ, ತವರದ ಲಾಜವಾರ (ಹೊಳಪಿನ ಲೇಪ). ಇಲ್ಲಿ ಹೇಳುವ ಕ್ರಮ ಅದೇ ದಾರಿಯದು. ಸಾಮಗ್ರಿಯಲ್ಲಿ ಮಾತ್ರ ಇಂದು ಅಂಗಡಿಯಲ್ಲಿ ಸಿಗುವುದಕ್ಕೆ ತಕ್ಕಂತೆ ಒಂದೆರಡು ಬದಲಾವಣೆ ಮಾಡಿದ್ದೇವೆ.

ಒಂದು ಮಾತು ಮೊದಲೇ ಹೇಳಬೇಕು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಮನೆಯಲ್ಲಿ ಮಾಡಿದ ಗಿಳಿಗೆ ‘ಕಿನ್ನಾಳ ಗೊಂಬೆ’ ಎಂದು ಚೀಟಿ ಅಂಟಿಸಿ ಮಾರುವಂತಿಲ್ಲ. ಆ ಊರಿನ ಕುಶಲಕರ್ಮಿಗಳ ಅನ್ನದ ಪ್ರಶ್ನೆ ಅದು.

ಕಟ್ಟಿಗೆ ಮತ್ತು ಹಲಗೆ

ಕಿನ್ನಾಳದಲ್ಲಿ ಬಳಸುವುದು ಪೊಲ್ಕಿ ಮರ. ಹಗುರ, ಮೆತು, ಉಳಿಗೆ ಬೇಗ ಬಗ್ಗುತ್ತದೆ. ಪೊಲ್ಕಿ ಸಿಗದ ಕಡೆ ಹಾಲವಾಣ ನಡೆಯುತ್ತದೆ. ಬೇವು ತೂಕ ಹೆಚ್ಚು, ಕೆತ್ತಲು ಕಷ್ಟ, ಆದರೆ ಹುಳದ ಕಾಟ ಕಡಿಮೆ. ಮೆತು ಮರಗಳಿಗೆ ಎರಡು ರೋಗ: ಕಡಿದು ಹಸಿಯಾಗಿ ಬಿಟ್ಟರೆ ನೀಲಿಗಪ್ಪು ಕಲೆ, ಒಣಗಿದ ಮೇಲೆ ಹುಳ. ಕಲೆಯಿಂದ ಕೆಲಸಕ್ಕೆ ತೊಂದರೆಯಿಲ್ಲ, ಮೇಲೆ ಬಿಳಿ ಬರುತ್ತದೆ. ಸೂಜಿಮೊನೆಯಷ್ಟು ತೂತಿದ್ದು, ತುಂಡನ್ನು ಕಪ್ಪು ಕಾಗದದ ಮೇಲೆ ತಟ್ಟಿದಾಗ ನುಣ್ಣನೆಯ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ ಎಂದರ್ಥ, ಆ ತುಂಡು ಬೇಡ. ಹುಳಕ್ಕೆಂದು ಬೇವಿನ ಎಣ್ಣೆ ಹಚ್ಚುವವರಿದ್ದಾರೆ. ಎಣ್ಣೆ ಹೀರಿದ ಕಟ್ಟಿಗೆಗೆ ಹುಣಸೆ ಅಂಟು ಹಿಡಿಯುವುದೇ ಇಲ್ಲ, ಆ ಕೆಲಸಕ್ಕೆ ಹೋಗಬೇಡಿ.

ಕಟ್ಟಿಗೆ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಅಡುಗೆಮನೆಯ ತಕ್ಕಡಿ ಸಾಕು. ಬೇಕಾದ ಅಳತೆಗಿಂತ ಅರ್ಧ ಇಂಚು ದೊಡ್ಡದಾಗಿ ಕೊಯ್ಸಿ, ತೂಕ ನೋಡಿ ತುಂಡಿನ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದು ನೆರಳಲ್ಲಿಡಿ. ವಾರಕ್ಕೊಮ್ಮೆ ತೂಗಿ. ಮೂರು ವಾರ ತೂಕ ಬದಲಾಗದಿದ್ದರೆ ಒಣಗಿದೆ. ನಮ್ಮ ಸೀಮೆಯಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು. ಸೆಪ್ಟೆಂಬರ್ ಮಳೆಯಲ್ಲಿ ಜೋಡಿಸಿದ ತುಂಡುಗಳು ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಕುಗ್ಗುತ್ತವೆ, ಆಗ ಬೆಸುಗೆಯ ಗೆರೆ ಬಿಳಿಯನ್ನೂ ಬಣ್ಣವನ್ನೂ ಸೀಳಿಕೊಂಡು ಮೇಲೆ ಬರುತ್ತದೆ.

ಗಿಳಿಗೆ ಬೇಕಾದ ತುಂಡುಗಳು ನಾಲ್ಕು: ಮೈಗೆ 7×3×3 ಇಂಚು, ರೆಕ್ಕೆಗೆ 4½×1½×½ ಇಂಚಿನ ಎರಡು, ಪೀಠಕ್ಕೆ 4×4×1 ಇಂಚು. ಕಿನ್ನಾಳದಲ್ಲಿ ಗರುಡ 12 ತುಂಡು, ಸಿಂಹಾಸನದ ಮೇಲಿನ ಗಣಪತಿ 22 ತುಂಡುಗಳವರೆಗೆ ಹೋಗುತ್ತದೆ. ನಾಲ್ಕರಿಂದ ಶುರುಮಾಡುವುದೇ ಒಳ್ಳೆಯದು. ಮೈತುಂಡಿನಲ್ಲಿ ಕಟ್ಟಿಗೆಯ ಎಳೆ ಮೇಲಿಂದ ಕೆಳಕ್ಕೆ ಇರಲಿ. ಕೊಕ್ಕನ್ನು ಅದೇ ತುಂಡಿನಲ್ಲಿ ಕೆತ್ತಿದರೆ ಎಳೆ ಅಡ್ಡ ಬಂದು ಮೊದಲ ಪೆಟ್ಟಿಗೇ ಮುರಿಯುತ್ತದೆ. ಅಲ್ಲಿ 4 ಮಿಲಿಮೀಟರ್ ದಪ್ಪದ ಬಿದಿರು ಕಡ್ಡಿ ಕೂರಿಸಿ, ಅದರ ಸುತ್ತ ಕಿಟ್ಟ ಕಟ್ಟಬೇಕು.

ಚಿತ್ರದ ಹಲಗೆಗೆ 12 ಮಿಲಿಮೀಟರ್ ಪ್ಲೈವುಡ್ ಸಾಕು. ತೆಳುವಾದದ್ದು ಬಾಗುತ್ತದೆ. ಅಂಚುಗಳನ್ನು ಪಾಲಿಶ್ ಪೇಪರಿನಿಂದ ಸ್ವಲ್ಪ ದುಂಡಗೆ ಮಾಡಿ. ಚೂಪು ಅಂಚಿನ ಮೇಲೆ ಬಿಳಿ ನಿಲ್ಲುವುದಿಲ್ಲ, ಎಲ್ಲಕ್ಕಿಂತ ಮೊದಲು ಅಲ್ಲಿಂದಲೇ ಸಿಡಿಯುತ್ತದೆ.

ಹುಣಸೆ ಬೀಜದ ಅಂಟು

ಹುಣಸೆ ಬೀಜವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಸಿಡಿಯುವ ತನಕ ಹುರಿಯಿರಿ. ಆರಿದ ಮೇಲೆ ಒರಳಿನಲ್ಲಿ ಮೆಲ್ಲಗೆ ಕುಟ್ಟಿದರೆ ಕಂದು ಸಿಪ್ಪೆ ಬಿಡುತ್ತದೆ, ಕೇರಿ ತೆಗೆಯಿರಿ. ಒಳಗಿನ ಬಿಳಿ ಬೇಳೆಯನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಬಹುದು, ಇಲ್ಲವೇ ಗಿರಣಿಯಲ್ಲಿ ಒಣ ಹಿಟ್ಟು ಮಾಡಿಸಿಟ್ಟುಕೊಳ್ಳಬಹುದು. ಹಿಟ್ಟಿನ ದಾರಿಯೇ ವಾಸಿ, ಪ್ರತಿ ಸಲ ತೂಕ ಒಂದೇ ಬರುತ್ತದೆ.

ಅಳತೆ: 50 ಗ್ರಾಂ ಹಿಟ್ಟಿಗೆ ಅರ್ಧ ಲೀಟರ್ ನೀರು. ಮೊದಲು ಹಿಟ್ಟನ್ನು 150 ಮಿಲಿಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಉಳಿದ ನೀರನ್ನು ಕುದಿಸಿ, ಕಲಸಿದ್ದನ್ನು ಸುರಿಯುತ್ತ ತಿರುವಿ. ಬಿಸಿನೀರಿಗೆ ನೇರವಾಗಿ ಒಣ ಹಿಟ್ಟು ಹಾಕಿದರೆ ಗಂಟಿನ ಹೊರಮೈ ಬೆಂದು ಒಳಗೆ ಹಸಿಹಿಟ್ಟು ಉಳಿಯುತ್ತದೆ, ಆ ಗಂಟು ಮತ್ತೆ ಕರಗುವುದಿಲ್ಲ. ಸಣ್ಣ ಉರಿಯಲ್ಲಿ 25 ನಿಮಿಷ ಬೇಯಬೇಕು. ಹತ್ತು ನಿಮಿಷಕ್ಕೇ ದಪ್ಪವಾದಂತೆ ಕಂಡರೂ ಇಳಿಸಬೇಡಿ. ಪೂರ್ತಿ ಬೇಯದ ಅಂಟು ಒಣಗಿದ ಮೇಲೆ ಹಿಟ್ಟುಹಿಟ್ಟಾಗಿ ಉದುರುತ್ತದೆ. ಆವಿಯಾದಷ್ಟು ಬಿಸಿನೀರು ಸೇರಿಸಿ ಮತ್ತೆ ಅರ್ಧ ಲೀಟರಿಗೆ ತನ್ನಿ, ತೆಳು ಬಟ್ಟೆಯಲ್ಲಿ ಸೋಸಿ. ಇದನ್ನು ಮುಂದೆ ‘ಗಟ್ಟಿ ಅಂಟು’ ಎನ್ನುತ್ತೇವೆ. ಇದರ ಒಂದು ಪಾಲಿಗೆ ಒಂದೂವರೆ ಪಾಲು ಬಿಸಿನೀರು ಬೆರೆಸಿದರೆ ‘ತೆಳು ಅಂಟು’. ಇಡೀ ಕೆಲಸ ಈ ಎರಡರ ಮೇಲೆ ನಿಂತಿದೆ.

ಪಾತ್ರೆ ಸ್ಟೀಲಿನದ್ದೋ ಮಣ್ಣಿನದ್ದೋ ಇರಲಿ, ಕಬ್ಬಿಣದ ಬಾಣಲೆ ಬೇಡ. ಬೀಜದ ಸಿಪ್ಪೆಯಲ್ಲಿ ಒಗರು ತುಂಬಿರುತ್ತದೆ. ಚೂರು ಸಿಪ್ಪೆ ಉಳಿದಿದ್ದರೂ ಅದು ಕಬ್ಬಿಣದ ಜೊತೆ ಸೇರಿ ಅಂಟು ಕಪ್ಪಾಗುತ್ತದೆ, ಆ ಕಪ್ಪು ಬಿಳಿಯ ಮೇಲೆ ಬೂದು ಕಲೆಯಾಗಿ ಏಳುತ್ತದೆ.

ಅಂಟು ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿಯುತ್ತದೆ. ಚಳಿಗಾಲದಲ್ಲಿ ಎರಡು ದಿನ ತಡೆದೀತು. ಹುಳಿ ವಾಸನೆ ಬಂದ ಅಂಟಿಗೆ ಹಿಡಿತವಿಲ್ಲ, ಚೆಲ್ಲಿಬಿಡಿ. ಅದಕ್ಕೇ 50 ಗ್ರಾಂನಷ್ಟು ಸಣ್ಣ ಪಾಕ ಹೇಳಿದ್ದು. ಹುಳ, ಬೂಷ್ಟು ಬಾರದಿರಲು ಪುಸ್ತಕದ ರಟ್ಟು ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಚಿತ್ರದ ಹಲಗೆಗೆ ಅದು ಸರಿ, ಅರ್ಧ ಲೀಟರಿಗೆ ಒಂದು ಗ್ರಾಂ ದಾಟಬಾರದು. ಮೈಲುತುತ್ತ ವಿಷ. ಮಕ್ಕಳ ಕೈಗೆ ಹೋಗುವ ಗಿಳಿಗೆ ಹಾಕಲೇಬೇಡಿ, ಅಲ್ಲಿ ಐದಾರು ಹನಿ ಲವಂಗದ ಎಣ್ಣೆ ಸಾಕು.

ಫೆವಿಕಾಲ್ ಹಾಕಬಾರದೇ ಎಂದು ಕೇಳುವವರಿಗೆ: ಕಟ್ಟಿಗೆಗೆ ಕಟ್ಟಿಗೆ ಬೆಸೆಯಲು ಹಾಕಬಹುದು, ಗಟ್ಟಿಯಾಗಿಯೇ ಕೂರುತ್ತದೆ. ಆದರೆ ಬೆಸುಗೆಯಿಂದ ಹೊರಬಂದದ್ದನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ. ಅದು ಒಣಗಿದ ಜಾಗ ನೀರು ಹೀರುವುದಿಲ್ಲ, ಅಲ್ಲಿ ಕಿಟ್ಟ ಕಚ್ಚುವುದಿಲ್ಲ.

ಗಿಳಿಯ ಜೋಡಣೆ ಮತ್ತು ಕಿಟ್ಟ

ಮೈತುಂಡಿನ ಎದುರು ನೋಟ, ಪಕ್ಕದ ನೋಟ ಎರಡನ್ನೂ ಕಾಗದದ ಮೇಲೆ ನಿಜ ಅಳತೆಯಲ್ಲಿ ಬರೆದು, ಕತ್ತರಿಸಿ, ತುಂಡಿನ ಎರಡು ಮುಖಕ್ಕೆ ಅಂಟಿಸಿ. ಮೊದಲು ಗರಗಸದಿಂದ ಪಕ್ಕದ ನೋಟ ಕೊಯ್ದು, ಆಮೇಲೆ ಎದುರಿನದ್ದು. ಮೂಲೆಗಳನ್ನು ಉಳಿಯಿಂದ ಇಳಿಸಿ, ಅರದಿಂದ ದುಂಡಗೆ ಮಾಡಿ. ಎಲ್ಲ ಕಡೆಯೂ ಬೇಕಾದ್ದಕ್ಕಿಂತ 3 ಮಿಲಿಮೀಟರ್ ಸಣ್ಣದಾಗಿಯೇ ಇರಲಿ, ಕಿಟ್ಟ ಮತ್ತು ಬಿಳಿ ಸೇರಿ ಅಷ್ಟು ದಪ್ಪವಾಗುತ್ತದೆ. ಕಟ್ಟಿಗೆಯಲ್ಲೇ ಸೊಗಸಾಗಿ ಕೆತ್ತಿಬಿಟ್ಟರೆ ಕೊನೆಗೆ ಊದಿಕೊಂಡ ಗಿಳಿ ಸಿಗುತ್ತದೆ. ಮೈ ನುಣುಪಾಗಿಸಲೂ ಬೇಡಿ, ಅರದ ಗೀರುಗಳೇ ಕಿಟ್ಟಕ್ಕೆ ಹಿಡಿತ.

ರೆಕ್ಕೆ, ಪೀಠಗಳಿಗೆ 6 ಮಿಲಿಮೀಟರ್ ದಪ್ಪ, ಒಂದು ಇಂಚು ಉದ್ದದ ಬಿದಿರಿನ ಗೂಟ. ಪೀಠಕ್ಕೂ ಮೈಗೂ ಅರ್ಧರ್ಧ ಇಂಚು ಆಳದ ತೂತು ಕೊರೆಯಿರಿ. ರೆಕ್ಕೆ ಅರ್ಧ ಇಂಚೇ ದಪ್ಪ ಇರುವುದರಿಂದ ಅಲ್ಲಿ ಕಾಲು ಇಂಚು ಸಾಕು, ಮಿಕ್ಕದ್ದು ಮೈಯೊಳಗೆ ಹೋಗಲಿ. ಕಬ್ಬಿಣದ ಮೊಳೆ ಹೊಡೆಯಬೇಡಿ, ಅಂಟಿನ ನೀರಿಗೆ ತುಕ್ಕು ಹಿಡಿದು ಕಂದು ಚುಕ್ಕೆ ಬಣ್ಣದವರೆಗೂ ಬರುತ್ತದೆ. ಬೆಸೆದ ಮೇಲೆ ಹಗ್ಗದಿಂದ ಬಿಗಿದು ಒಂದು ದಿನ ಬಿಡಿ.

ಇನ್ನು ಕಿಟ್ಟ. ಸಾಮಿಲ್ಲಿನಿಂದ ತಂದ ಹೊಟ್ಟನ್ನು ಹಿಟ್ಟಿನ ಜರಡಿಯಲ್ಲಿ ಹಿಡಿಯಿರಿ. ಗೋಣಿಚೀಲ ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಸುತ್ತ ಬೇಕಾದಷ್ಟು ಸಿಗುತ್ತದೆ. ಆದರೆ ಹಾಗೇ ಬಳಸುವಂತಿಲ್ಲ. ಸೆಣಬನ್ನು ನೂಲುವಾಗ ಎಣ್ಣೆ ಹಾಕಿರುತ್ತಾರೆ. ಚೀಲದ ತುಂಡನ್ನು ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಎರಡು ಸಲ ತೊಳೆದು ಒಣಗಿಸಿ. ಆಮೇಲೆ ಕತ್ತರಿಯಿಂದ ಅರ್ಧ ಸೆಂಟಿಮೀಟರಿಗಿಂತ ಸಣ್ಣದಾಗಿ ಕತ್ತರಿಸಿ, ಕುಟ್ಟಿ ಎಳೆಎಳೆಯಾಗಿ ಬಿಡಿಸಿ. ಈ ಎಳೆಗಳೇ ಕಿಟ್ಟದ ನರ. ಬರೀ ಹೊಟ್ಟಿನ ಕಿಟ್ಟ ಒಣಗಿದಾಗ ಬಿರುಕು ಬಿಡುತ್ತದೆ, ಎಳೆಯಿದ್ದರೆ ಬಿರುಕು ಶುರುವಾದಲ್ಲೇ ನಿಲ್ಲುತ್ತದೆ.

ಮೂರು ಬಟ್ಟಲು ಹೊಟ್ಟು, ಒಂದು ಬಟ್ಟಲು ಸೆಣಬಿನ ಎಳೆ, ಇವೆರಡನ್ನೂ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ಗಟ್ಟಿ ಅಂಟನ್ನು ಸ್ವಲ್ಪಸ್ವಲ್ಪ ಹಾಕುತ್ತ ಜೋಳದ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಅಂಟು ಒಸರಬಾರದು, ಕೈ ಬಿಟ್ಟಾಗ ಉಂಡೆ ಒಡೆಯಲೂ ಬಾರದು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ, ಹೊಟ್ಟು ಅಂಟನ್ನು ಹೀರಿಕೊಂಡು ಹದ ಕೂಡುತ್ತದೆ.

ಗಿಳಿಯ ಮೈಗೆ ಮೊದಲು ಒಂದು ಕೈ ತೆಳು ಅಂಟು ಬಳಿದು ಹದಿನೈದು ನಿಮಿಷ ಬಿಡಿ. ಆಮೇಲೆ ಹೆಬ್ಬೆರಳಿನಿಂದ ಕಿಟ್ಟ ಒತ್ತುತ್ತ ಹೋಗಿ, ಒಂದು ಸಲಕ್ಕೆ 3 ಮಿಲಿಮೀಟರಿಗಿಂತ ದಪ್ಪ ಬೇಡ. ಎದೆ, ಕೆನ್ನೆಯಂಥ ಉಬ್ಬಿದ ಕಡೆ ಹೆಚ್ಚು ಬೇಕಾದರೆ ಮೊದಲನೆಯದು ಒಣಗಿದ ಮೇಲೆ ಎರಡನೆಯ ಪದರ. ದಪ್ಪಗೆ ಮೆತ್ತಿದರೆ ಹೊರಮೈ ಒಣಗಿ ಬಿಗಿದುಕೊಳ್ಳುತ್ತದೆ, ಒಳಗೆ ಹಸಿ ಉಳಿದು ಬೂಷ್ಟು ಬರುತ್ತದೆ, ವಾರದ ಮೇಲೆ ಒಳಗಿನದು ಕುಗ್ಗಿ ಮೇಲ್ಪದರ ಪೊಳ್ಳಾಗುತ್ತದೆ. ಹೆಚ್ಚಿನ ಗೊಂಬೆಗಳು ಹಾಳಾಗುವುದು ಇಲ್ಲೇ.

ಒಣಗಿಸುವುದು ನೆರಳಲ್ಲಿ, ಗಾಳಿ ಆಡುವ ಕಡೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಿಟ್ಟರೆ ಗಂಟೆಯೊಳಗೆ ಸೀಳುತ್ತದೆ. ಆ ದಿನಗಳಲ್ಲಿ ಮೊದಲ ಆರು ಗಂಟೆ ಮೇಲೊಂದು ಒದ್ದೆ ಗೋಣಿ ತೂಗುಹಾಕಿ ನಿಧಾನ ಮಾಡಬೇಕಾಗುತ್ತದೆ. ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ನಾಲ್ಕೈದು ದಿನ. ಒಣಗಿದ್ದಕ್ಕೆ ಎರಡು ಗುರುತು: ಕೆನ್ನೆಗೆ ಮುಟ್ಟಿಸಿದರೆ ತಂಪು ಅನ್ನಿಸಬಾರದು, ಉಗುರಿನಿಂದ ತಟ್ಟಿದರೆ ಎಲ್ಲ ಕಡೆ ಒಂದೇ ಸದ್ದು ಬರಬೇಕು. ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿ ಪೊಳ್ಳು. ಅಷ್ಟನ್ನು ಕೆತ್ತಿ ತೆಗೆದು ಮತ್ತೆ ತುಂಬಿ. ಬಿಳಿ ಬಳಿದ ಮೇಲೆ ಈ ರಿಪೇರಿ ಸಾಧ್ಯವಿಲ್ಲ.

ಒಣಗಿದ ಕಿಟ್ಟವನ್ನು 80 ನಂಬರ್ ಪಾಲಿಶ್ ಪೇಪರಿನಿಂದ ತಿಕ್ಕಿ, ಮೇಲೆ ಹಳೆಯ ಹತ್ತಿ ಬಟ್ಟೆಯ ಒಂದಂಗುಲ ಚೂರುಗಳನ್ನು ಗಟ್ಟಿ ಅಂಟಿನಿಂದ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಮೈತುಂಬ ಅಂಟಿಸಿ. ತುಂಡುಗಳ ಬೆಸುಗೆಯ ಮೇಲೆ ಎರಡು ಪದರ. ಕಟ್ಟಿಗೆ ಕುಗ್ಗಿ ಹಿಗ್ಗಿದರೂ ಬಿಳಿಯವರೆಗೆ ಅದು ತಲುಪದಂತೆ ತಡೆಯುವುದು ಈ ಬಟ್ಟೆಯೇ.

ಹಲಗೆಗೆ ಬಟ್ಟೆ

ಇದು ಸುಲಭ. ಹಳೆಯ ಧೋತರವನ್ನು ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಒಗೆದು, ಇಸ್ತ್ರಿ ಮಾಡಿ, ಹಲಗೆಗಿಂತ ಎಲ್ಲ ಕಡೆ ಎರಡು ಇಂಚು ದೊಡ್ಡದಾಗಿ ಕತ್ತರಿಸಿ. ಹೊಸ ಬಟ್ಟೆ ಅಂಟಿನ ನೀರಿಗೆ ಕುಗ್ಗಿ ಸುಕ್ಕಾಗುತ್ತದೆ. ಹಲಗೆಗೆ ತೆಳು ಅಂಟು ಒಂದು ಕೈ, ಒಣಗಿದ ಮೇಲೆ ಗಟ್ಟಿ ಅಂಟು ಒಂದು ಕೈ. ಬಟ್ಟೆ ಹಾಸಿ ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತ ಗಾಳಿ ಹೊರಗೆ ಹಾಕಿ, ಅಂಚನ್ನು ಹಿಂದಕ್ಕೆ ಮಡಚಿ ಅಂಟಿಸಿ. ಒಂದು ದಿನ ಒಣಗಲಿ. ಹಿಂಬದಿಗೂ ತೆಳು ಅಂಟು ಎರಡು ಕೈ ಬಳಿಯಿರಿ, ಒಂದೇ ಬದಿಗೆ ಎಳೆತ ಬಂದರೆ ಹಲಗೆ ಡೊಂಕಾಗುತ್ತದೆ.

ಬಿಳಿ: ಇಲ್ಲಿ ಅವಸರ ಬೇಡ

ಕಿನ್ನಾಳದ ಬಿಳಿಗೆ ಕಲ್ಲುಪುಡಿ ಮೂಲ. ಮನೆಯಲ್ಲಿ ಕಲ್ಲು ಅರೆಯುವ ಧೂಳು ಪುಪ್ಪುಸಕ್ಕೆ ಕೆಡುಕು, ಹಾಗಾಗಿ ಪೇಂಟಿನ ಅಂಗಡಿಯ ಚಾಕ್ ಪೌಡರ್ ತನ್ನಿ. ಅದನ್ನು ಜರಡಿ ಹಿಡಿಯುವಾಗಲೂ ಮೂಗಿಗೆ ಬಟ್ಟೆ ಕಟ್ಟಿ. ಗೋಡೆಗೆ ಬಳಿಯುವ ಸುಣ್ಣ ಬೇರೆ, ಚಾಕ್ ಪೌಡರ್ ಬೇರೆ. ಸುಣ್ಣದ ಕ್ಷಾರಕ್ಕೆ ಎಷ್ಟೋ ಬಣ್ಣಗಳು ಕೆಡುತ್ತವೆ.

200 ಮಿಲಿಲೀಟರ್ ಗಟ್ಟಿ ಅಂಟಿಗೆ 300 ಮಿಲಿಲೀಟರ್ ಬಿಸಿನೀರು ಬೆರೆಸಿದರೆ ಅರ್ಧ ಲೀಟರ್ ತೆಳು ಅಂಟು. ಅದು ಉಗುರುಬೆಚ್ಚಗಿರುವಾಗ 400 ಗ್ರಾಂ ಚಾಕ್ ಪೌಡರನ್ನು ಜರಡಿಯಿಂದ ಮೇಲೆ ಉದುರಿಸುತ್ತ ಹೋಗಿ. ತಿರುವಬೇಡಿ. ಅದು ತಾನಾಗಿ ನೆನೆದು ಮುಳುಗಲು ಹತ್ತು ನಿಮಿಷ ಬಿಟ್ಟು, ಆಮೇಲೆ ಕುಂಚವನ್ನು ತಳಕ್ಕೆ ಮುಟ್ಟಿಸಿ ಮೆಲ್ಲಗೆ ಕದಡಿ. ಜೋರಾಗಿ ಕಡೆದರೆ ಗುಳ್ಳೆ ಸೇರುತ್ತದೆ. ಆ ಗುಳ್ಳೆ ಒಣಗಿ ಸೂಜಿತೂತಾಗುತ್ತದೆ, ಅದರ ಮೇಲೆ ಎಷ್ಟು ಬಳಿದರೂ ತೂತು ಮುಚ್ಚುವುದಿಲ್ಲ. ಬಂದೇಬಿಟ್ಟರೆ ಮುಂದಿನ ಕೈಯನ್ನು ಕುಂಚದಲ್ಲಿ ಬಳಿಯದೆ ಬೆರಳಿನಿಂದ ಸುತ್ತುಸುತ್ತಾಗಿ ತಿಕ್ಕಿ ತುಂಬಿ.

ಬಳಿಯುವ ಮೊದಲು ಒಂದು ರಟ್ಟಿನ ಪಟ್ಟಿಗೆ ಎರಡು ಕೈ ಹಚ್ಚಿ ಒಣಗಿಸಿ ನೋಡಿ. ಬೆರಳಿಂದ ತಿಕ್ಕಿದರೆ ಪುಡಿ ಅಂಟಿತೇ, ಅಂಟು ಸಾಲದು, 20 ಮಿಲಿಲೀಟರ್ ಗಟ್ಟಿ ಅಂಟು ಸೇರಿಸಿ. ಪಟ್ಟಿಯನ್ನು ಸ್ವಲ್ಪ ಬಾಗಿಸಿದ ಕೂಡಲೇ ಚಕ್ಕೆಯಾಗಿ ಸಿಡಿಯಿತೇ, ಅಂಟು ಹೆಚ್ಚಾಗಿದೆ, ಎರಡು ಚಮಚ ಚಾಕ್ ಪೌಡರ್ ಮತ್ತು ಸ್ವಲ್ಪ ಬಿಸಿನೀರು. ಈ ಪಟ್ಟಿಗಳ ಹಿಂದೆ ಅಳತೆ, ತಿಂಗಳು ಬರೆದು ಇಟ್ಟುಕೊಳ್ಳಿ. ಜನವರಿಗೆ ಸರಿಹೋದ ಹದ ಆಗಸ್ಟಿಗೆ ಸರಿಹೋಗದು, ವರ್ಷ ಕಳೆದರೆ ನಿಮ್ಮ ಮನೆಗೆ ನಿಮ್ಮದೇ ಪಟ್ಟಿ ಸಿದ್ಧವಾಗಿರುತ್ತದೆ.

ಹಲಗೆಗೂ ಗಿಳಿಗೂ ಏಳು ಕೈ. ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ತೆಳ್ಳಗೆ, ಪ್ರತಿ ಕೈಗೂ ಹಿಂದಿನದು ಪೂರ್ತಿ ಒಣಗಿರಬೇಕು: ಬೇಸಿಗೆಯಲ್ಲಿ ಎರಡು ತಾಸು, ಮೋಡವಿದ್ದರೆ ಅರ್ಧ ದಿನ. ಮೊದಲ ನಾಲ್ಕು ಕೈ ಮೇಲಿನ ಅಳತೆಯಲ್ಲೇ, ಕೊನೆಯ ಮೂರು ಕೈಗೆ ಉಳಿದ ಪಾಕಕ್ಕೆ ಎರಡು ಚಮಚ ಬಿಸಿನೀರು ಸೇರಿಸಿ. ಕೆಳಗೆ ಗಟ್ಟಿ, ಮೇಲೆ ಸಡಿಲ: ಇಡೀ ಕೆಲಸದಲ್ಲಿ ಮರೆಯಬಾರದ ನಿಯಮ ಇದೊಂದೇ. ಒಣಗುವಾಗ ಅಂಟು ಕುಗ್ಗಿ ಎಳೆಯುತ್ತದೆ. ಮೇಲಿನ ಪದರದಲ್ಲಿ ಅಂಟು ಹೆಚ್ಚಿದ್ದರೆ ಅದು ಕೆಳಗಿನ ಸಡಿಲ ಪದರವನ್ನು ಕಿತ್ತುಕೊಂಡು ಮೇಲೇಳುತ್ತದೆ. ನಿನ್ನೆ ಉಳಿದ ಪಾಕವನ್ನು ಇಂದು ಮತ್ತೆ ಕಾಯಿಸಿದರೆ ನೀರು ಆವಿಯಾಗಿ ಗೊತ್ತಿಲ್ಲದೆಯೇ ಅಂಟು ಗಟ್ಟಿಯಾಗಿರುತ್ತದೆ. ಹಲವರ ಹಲಗೆ ಸಿಡಿಯುವುದು ಹೀಗೆ.

ಕೊನೆಯ ಕೈ ಒಣಗಿ ಒಂದು ದಿನ ಕಳೆದ ಮೇಲೆ 180, 220, 320 ನಂಬರ್ ಪೇಪರಿನಲ್ಲಿ ಸರದಿಯಂತೆ ತಿಕ್ಕಿ. ನೀರು ಮುಟ್ಟಿಸಬೇಡಿ. ಸಂಜೆ ಬಲ್ಬನ್ನು ಪಕ್ಕದಿಂದ ಬೀಳುವಂತೆ ಹಿಡಿದರೆ ಹಗಲಲ್ಲಿ ಕಾಣದ ಗೀರು, ತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಕಡೆಗೆ ತುಂಗಭದ್ರೆಯ ದಂಡೆಯಲ್ಲಿ ಸಿಗುವ ಒಂದು ನುಣುಪು ಉರುಟು ಕಲ್ಲಿನಿಂದ ಹಲಗೆಯನ್ನು ಒತ್ತಿ ಉಜ್ಜಿ, ಸಣ್ಣ ಗೆರೆ ಬರೆಯುವಾಗ ಕುಂಚ ತಡವರಿಸುವುದಿಲ್ಲ.

ಉಬ್ಬು ಒಡವೆ

ಗಿಳಿಯ ಕೊರಳಪಟ್ಟಿ, ರೆಕ್ಕೆಯ ಅಂಚು, ಹಲಗೆಯ ಚೌಕಟ್ಟಿನ ಬಳ್ಳಿ ಇವೆಲ್ಲ ಉಬ್ಬು ಗೆರೆಯಲ್ಲಿ ಬರುತ್ತವೆ. ಚಾಕ್ ಪೌಡರನ್ನು ಜಾಲಿ ಗೋಂದಿನ ನೀರಿನಲ್ಲಿ ಕಲಸಿ. ಗೋಂದಿನ ನೀರಿಗೆ ಅಳತೆ ಹೀಗೆ: ಒಂದು ಪಾಲು ಪುಡಿ ಗೋಂದು, ಎರಡು ಪಾಲು ಬಿಸಿನೀರು, ರಾತ್ರಿಯಿಡೀ ನೆನೆಯಲಿ, ಬೆಳಗ್ಗೆ ಸೋಸಿ. ಕಲಸಿದ್ದನ್ನು ಕಡ್ಡಿಯಿಂದ ಎತ್ತಿದರೆ ಕೊಂಡಿಯಾಗಿ ನಿಂತು, ನಿಧಾನವಾಗಿ ಬಾಗಬೇಕು. ಕುಂಚದ ತುದಿಯಿಂದ ಇಡುತ್ತ ಹೋಗುವುದು ಹಳೆಯ ಕ್ರಮ. ಕೈ ಪಳಗದವರು ಮೆಹೆಂದಿ ಕೋನಿನಂತೆ ಪ್ಲಾಸ್ಟಿಕ್ ಸುರುಳಿ ಮಾಡಿ ಹಿಂಡಬಹುದು. ಒಂದೇ ಸಲಕ್ಕೆ ಎತ್ತರ ಮಾಡದೆ, ಒಣಗಿದ ಗೆರೆಯ ಮೇಲೆ ಗೆರೆ ಇಟ್ಟು ಮೂರು ಸಲಕ್ಕೆ 1½ ಮಿಲಿಮೀಟರ್ ಏರಿಸಿ. ಗೆರೆ ನಡುವೆ ಅಡ್ಡ ಸೀಳಿದರೆ ಗೋಂದು ಹೆಚ್ಚಾಗಿದೆ, ಬುಡದಿಂದ ಬಿಟ್ಟು ಬಂದರೆ ಬಿಳಿಯ ಮೇಲೆ ಧೂಳು ಉಳಿದಿತ್ತು.

ಚಿನ್ನದ ಕೆಲಸ ಬಣ್ಣಕ್ಕಿಂತ ಮೊದಲು

ಲಾಜವಾರದಲ್ಲಿ ತವರವನ್ನು ಅಂಟಿನೊಂದಿಗೆ ಅರೆದು, ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಾರೆ. ಅದರ ಹದ ಪುಸ್ತಕದಿಂದ ಬರುವಂಥದ್ದಲ್ಲ, ಕಿನ್ನಾಳದ ಕೈಗಳ ಬಳಿ ಕೂತೇ ಕಲಿಯಬೇಕು. ಮನೆಯ ಕೆಲಸಕ್ಕೆ ಕ್ರಾಫ್ಟ್ ಅಂಗಡಿಯ ಅಲ್ಯುಮಿನಿಯಂ ತೆಳುಹಾಳೆ ಆಗುತ್ತದೆ. ಉಬ್ಬಿನ ಮೇಲೆ ಗೋಂದಿನ ನೀರು ಒಂದು ಕೈ ಬಳಿದು, ಬೆರಳ ಹಿಂಬದಿ ಮುಟ್ಟಿಸಿದರೆ ಅಂಟಂಟು ಅನ್ನಿಸಿದರೂ ಬೆರಳಿಗೆ ಹತ್ತಬಾರದು, ಆಗ ಹಾಳೆ ಇಡಿ. ಹತ್ತಿಯಿಂದ ಒತ್ತಿ, ಮರುದಿನ ಮೆತ್ತನೆ ಕುಂಚದಿಂದ ಹೆಚ್ಚಾದದ್ದನ್ನು ಗುಡಿಸಿ, ಉರುಟು ಕಲ್ಲಿನಿಂದ ಹಗುರವಾಗಿ ಉಜ್ಜಿ.

ಬೆಳ್ಳಿ ಮೈಗೆ ಚಿನ್ನದ ಬಣ್ಣ ಬರುವುದು ಅರಗಿನಿಂದ. 100 ಗ್ರಾಂ ಅರಗಿನ ಚಕ್ಕೆಯನ್ನು 600 ಮಿಲಿಲೀಟರ್ ಪಾಲಿಶ್ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಸಿ ಸೋಸಿದರೆ ಜೇನು ಬಣ್ಣದ ದ್ರವ. ಎರಡು ಮೂರು ಕೈ ಬಳಿದರೆ ಬೆಳ್ಳಿ ಹೊನ್ನಾಗುತ್ತದೆ. ಒಲೆ, ದೀಪ ದೂರವಿರಲಿ. ಮಳೆ ಹಿಡಿದ ದಿನ ಅರಗು ಮುಟ್ಟಬೇಡಿ, ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಹಿಡಿದು ಬೆಳ್ಳಗೆ ಮಂಜು ಕವಿಯುತ್ತದೆ. ಹೊಳಪಿಗೆ ಅರಿಶಿನ ಸೇರಿಸಿದರೆ ಮೊದಲು ಸುಂದರ, ಬೆಳಕಿಗೆ ಕೆಲವೇ ತಿಂಗಳಲ್ಲಿ ಹಾರಿಹೋಗುತ್ತದೆ. ಹಿತ್ತಾಳೆ ಪುಡಿಯ ‘ಗೋಲ್ಡ್ ಪೇಂಟ್’ ಕಾಲಾಂತರದಲ್ಲಿ ಹಸಿರುಗಂದು ತಿರುಗುತ್ತದೆ. ಬಣ್ಣಕ್ಕಿಂತ ಮೊದಲು ಈ ಕೆಲಸ ಮುಗಿಸಬೇಕು ಅನ್ನುವುದು ಏಕೆಂದರೆ ಗೋಂದು ಬೆರೆತ ಬಣ್ಣದ ಮೇಲೂ ಹಾಳೆ ಕಚ್ಚಿಕೊಳ್ಳುತ್ತದೆ.

ಬಣ್ಣ

ಚಿತ್ರವನ್ನು ಹಲಗೆಗೆ ಇಳಿಸಲು ತೆಳು ಕಾಗದದ ಮೇಲಿನ ಗೆರೆಯುದ್ದಕ್ಕೂ ಸೂಜಿಯಿಂದ 2 ಮಿಲಿಮೀಟರಿಗೊಂದು ತೂತು ಚುಚ್ಚಿ, ಹಲಗೆಯ ಮೇಲಿಟ್ಟು, ಇದ್ದಿಲು ಪುಡಿ ಕಟ್ಟಿದ ಬಟ್ಟೆಗಂಟಿನಿಂದ ತಟ್ಟಿ. ಚುಕ್ಕೆಗಳನ್ನು ಕೆಮ್ಮಣ್ಣಿನ ತೆಳು ಗೆರೆಯಿಂದ ಸೇರಿಸಿ, ಇದ್ದಿಲನ್ನು ಊದಿ ತೆಗೆಯಿರಿ.

ಕೆಂಪಿಗೆ ಈ ಸೀಮೆಗಿಂತ ಬೇರೆ ಕಡೆ ಹೋಗಬೇಕಿಲ್ಲ. ಸಂಡೂರಿನ ಬೆಟ್ಟಗಳ ಕೆಂಪು ಕಬ್ಬಿಣದ ಅದಿರಿನದು, ಹಿರೇಬೆಣಕಲ್ಲಿನ ಬಂಡೆಗಳ ಮೇಲಿನ ಹಳೆಯ ಚಿತ್ರಗಳಲ್ಲೂ ಕೆಂಪೇ ಇದೆ. ಕಬ್ಬಿಣದ ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಒಂದು ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ತಳದ ಮರಳು ಚೆಲ್ಲಿ. ಮೂರು ಸಲ ಹೀಗೆ ಮಾಡಿ, ತಿಳಿ ನೀರು ತೆಗೆದು ಒಣಗಿಸಿದರೆ ನುಣ್ಣನೆಯ ಬಣ್ಣ. ಹಳದಿ ಮಣ್ಣಿಗೂ ಇದೇ ದಾರಿ. ಕಪ್ಪಿಗೆ ದೀಪದ ಕಾಡಿಗೆ. ಅದು ನೀರಿನಲ್ಲಿ ತೇಲುತ್ತದೆ, ಮೊದಲು ಒಂದೆರಡು ಹನಿ ಸ್ಪಿರಿಟ್ ಹಾಕಿ ಅರೆಯಿರಿ. ಗಿಳಿಯ ಹಸಿರು, ನೀಲಿಗೆ ಅಂಗಡಿಯ ಪುಡಿಬಣ್ಣ ಅಥವಾ ಪೋಸ್ಟರ್ ಕಲರ್ ತೆಗೆದುಕೊಳ್ಳಿ. ಇಂಗಲೀಕದಲ್ಲಿ ಪಾದರಸ, ಹರಿತಾಳದಲ್ಲಿ ಪಾಷಾಣ ಇರುತ್ತದೆ, ಹಳೆಯ ಕ್ರಮವೆಂದು ಅವನ್ನು ಮನೆಯಲ್ಲಿ ಅರೆಯಬೇಡಿ.

ಒಂದು ಟೀ ಚಮಚ ಪುಡಿಗೆ ಅರ್ಧ ಚಮಚ ಗೋಂದಿನ ನೀರಿನಿಂದ ಶುರುಮಾಡಿ ಗಾಜಿನ ಮೇಲೆ ಹತ್ತು ನಿಮಿಷ ಅರೆಯಿರಿ. ಪಟ್ಟಿಯ ಮೇಲೆ ಬಳಿದು, ಒಣಗಿದ ಮೇಲೆ ತಿಕ್ಕಿ ನೋಡಿ. ಬಣ್ಣ ಬೆರಳಿಗೆ ಬಂದರೆ ಗೋಂದು ಸಾಲದು. ಮಿರಿಮಿರಿ ಹೊಳೆದು ಕೂದಲೆಳೆ ಬಿರುಕು ಕಂಡರೆ ಗೋಂದು ಹೆಚ್ಚು. ಮಾಸಲಾಗಿ, ತಿಕ್ಕಿದರೂ ಬಾರದೆ ನಿಂತರೆ ಸರಿ.

ಮೊದಲು ದೊಡ್ಡ ಜಾಗಗಳ ಸಪಾಟು ಬಣ್ಣ, ತೆಳ್ಳಗೆ ಎರಡು ಕೈ. ಗೋಂದಿನ ಬಣ್ಣ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಹಾಗಾಗಿ ಎರಡನೆಯ ಕೈಯನ್ನು ಒಂದೇ ಎಳೆತಕ್ಕೆ ಹಾಕಿ ಬಿಡಬೇಕು, ಮತ್ತೆ ಮತ್ತೆ ಕುಂಚ ಆಡಿಸಿದರೆ ಕೆಳಗಿನದು ಎದ್ದು ಕಲೆಯಾಗುತ್ತದೆ. ಗಿಳಿಯ ಎದೆ ತಿಳಿಹಸಿರು, ರೆಕ್ಕೆ ಕಡುಹಸಿರು, ಕೊಕ್ಕು ಕೆಂಪು. ಆಮೇಲೆ 1 ನಂಬರ್ ಕುಂಚದಲ್ಲಿ ರೆಕ್ಕೆಯ ಗರಿಗಳು, 000 ನಂಬರಿನಲ್ಲಿ ಕಪ್ಪು ಮತ್ತು ಬಿಳಿ ಗೆರೆ. ಗರಿಯ ಗೆರೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ: ಬುಡದಲ್ಲಿ ಕುಂಚ ಒತ್ತಿ, ಎಳೆಯುತ್ತ ಹೋದಂತೆ ಎತ್ತಿ. ಉಸಿರು ಬಿಡುವಾಗ ಎಳೆದರೆ ಕೈ ನಡುಗದು. ಕಣ್ಣು ಎಲ್ಲದರ ಕೊನೆಗೆ. ಬಿಳಿ ಒಣಗಿದ ಮೇಲೆ ಕಪ್ಪು ಬೊಟ್ಟು, ಎರಡು ಕಣ್ಣಿನ ಬೊಟ್ಟೂ ಎದುರಿನಿಂದ ನೋಡಿದಾಗ ಒಂದೇ ಎತ್ತರಕ್ಕೆ ಬರುವಂತೆ ಪೆನ್ಸಿಲ್ ಗುರುತು ಹಾಕಿಕೊಂಡೇ ಇಡಿ.

ಮೇಲಿನ ರಕ್ಷಣೆ, ಮತ್ತು ಚಕ್ಕೆ ಎದ್ದರೆ

ಬಣ್ಣ ಮುಗಿದು ಮೂರು ದಿನ ಬಿಟ್ಟು, ಅದೇ ಅರಗಿನ ದ್ರವಕ್ಕೆ ಅಷ್ಟೇ ಸ್ಪಿರಿಟ್ ಬೆರೆಸಿ ತೆಳುಮಾಡಿ ಎರಡು ಕೈ ಬಳಿಯಿರಿ. ಅರಗು ಬಿಳಿ ಮತ್ತು ನೀಲಿಯನ್ನು ಸ್ವಲ್ಪ ಹಳದಿಗೆ ಎಳೆಯುತ್ತದೆ, ಹಲಗೆ ಚಿತ್ರಕ್ಕೆ ಬಣ್ಣ ತೆಗೆದ ಬಿಳಿ ಅರಗು ಸಿಕ್ಕರೆ ಅದೇ ಒಳ್ಳೆಯದು. ಹಲಗೆಯನ್ನು ಹೊರಗೋಡೆಗೆ, ಅದರಲ್ಲೂ ಮಧ್ಯಾಹ್ನದ ಬಿಸಿಲು ಬೀಳುವ ಪಡುವಣ ಗೋಡೆಗೆ ತೂಗುಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಂದಿಗೂ ಬೇಡ, ಒಣ ಮೆತ್ತನೆ ಕುಂಚದಿಂದ ಧೂಳು ಹೊಡೆದರೆ ಸಾಕು.

ಗಿಳಿ ಬಿದ್ದು ಚಕ್ಕೆ ಎದ್ದರೆ ಅದರ ಕೆಳಗೆ ಏನು ಕಾಣುತ್ತದೆ ನೋಡಿ. ಬಿಳಿ ಕಂಡರೆ ಬಣ್ಣ ಮಾತ್ರ ಹೋಗಿದೆ, ಹತ್ತಿಗೆ ಸ್ಪಿರಿಟ್ ತಾಗಿಸಿ ಸುತ್ತಲಿನ ಅರಗು ತೆಗೆದು ಬಣ್ಣ ತುಂಬಿ. ಬಟ್ಟೆ ಕಂಡರೆ ಬಿಳಿಯಿಂದ ಶುರುಮಾಡಬೇಕು: ಚಕ್ಕೆಯ ಅಂಚನ್ನು 220 ಪೇಪರಿನಿಂದ ಇಳಿಜಾರು ಮಾಡಿ, ತೆಳು ಅಂಟು ಮುಟ್ಟಿಸಿ, ಬಿಳಿಯನ್ನು ಮೂರ್ನಾಲ್ಕು ಕೈ ಸಣ್ಣ ಕುಂಚದಲ್ಲಿ ತುಂಬಿ ತಿಕ್ಕಿ. ಕಿಟ್ಟವೇ ಕಂಡರೆ ಬಟ್ಟೆಯ ಚೂರನ್ನು ಗಾಯಕ್ಕಿಂತ ಅರ್ಧ ಇಂಚು ದೊಡ್ಡದಾಗಿ ಅಂಟಿಸದೆ ಬಿಳಿ ಹಾಕಬೇಡಿ. ಕೊಕ್ಕು ಪೂರ್ತಿ ಮುರಿದರೆ ಒಳಗಿನ ಬಿದಿರು ಕಡ್ಡಿಯನ್ನು ಕೊರೆದು ತೆಗೆದು ಹೊಸದು ಕೂರಿಸಬೇಕು, ಹಳೆಯ ಕಡ್ಡಿಯ ಮೇಲೆ ಮೆತ್ತಿದ ಕಿಟ್ಟ ನಿಲ್ಲುವುದಿಲ್ಲ.